ಐದನೇ ಪುಟದ ಕೊನೆಯ ಪ್ಯಾರಾ

ಜನವರಿ 9

ಪ್ರಿಯ ಪೀಠಿಕೆ,

ಮೊದಲೇ ಹೇಳಿಬಿಡುತ್ತೇನೆ, ಈ ಪತ್ರಕ್ಕೆ ಪೀಠಿಕೆ ಇಲ್ಲ. ಅದು ನಿನ್ನ ಸ್ವತ್ತು. ಬಸ್ಸು ಹಳ್ಳಕ್ಕೆ ಬಿದ್ದ ಸುದ್ದಿ ಬರೆಯೋ ಅಂದರೆ "ಅಂದು ಆಕಾಶ ಶುಭ್ರವಾಗಿತ್ತು" ಎಂದು ಶುರು ಮಾಡಿದ ಪುಣ್ಯಾತ್ಮ ನೀನು. ಮೇಷ್ಟ್ರು ಆ ಹಾಳೆ ಎತ್ತಿ ಹಿಡಿದು, "ಬಸ್ಸೆಲ್ಲಪ್ಪಾ? ಇನ್ನೂ ಡಿಪೋದಲ್ಲೇ ಇದ್ಯಾ?" ಎಂದು ಕೇಳಿದ್ದು, ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿದ್ದು ನೆನಪಿದೆಯಲ್ಲ? ಅದೇ ಹಾಳೆಯನ್ನು ನನ್ನ ಕೈಗೆ ಕೊಟ್ಟು ಕತ್ತರಿಸು ಅಂದರು. ಹನ್ನೆರಡು ಸಾಲು ಹಾರಿಸಿದೆ. ಅವತ್ತಿಂದ ನೀನು ಪೀಠಿಕೆ, ನಾನು ಕತ್ತರಿ.

ವಿಷಯ ಏನೆಂದರೆ, ಮೇಷ್ಟ್ರು ಈ ವರ್ಷ ನಿವೃತ್ತಿಯಾಗುತ್ತಿದ್ದಾರೆ. ಹೋಗುವ ಮುಂಚೆ ಒಂದು ಪುಸ್ತಕ ಮಾಡುತ್ತಾರಂತೆ. ಅವರ ಕೈಯಲ್ಲಿ ಪತ್ರಿಕೋದ್ಯಮ ಕಲಿತವರೆಲ್ಲ ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ತಲಾ ಒಂದು ಪ್ಯಾರಾ. "ಐದು ಸಾಲು ಮೀರಬಾರದು. ಮುಖ್ಯವಾದದ್ದು ಮೊದಲ ಸಾಲಿಗೆ. ಜಾಗ ಸಾಲದಿದ್ದರೆ ಪುಟ ಕಟ್ಟುವವರು ಕೆಳಗಿನಿಂದ ಕತ್ತರಿಸುತ್ತಾರೆ, ಮರೆಯಬೇಡಿ" ಎಂದು ಬರೆದಿದ್ದಾರೆ. ಕ್ಲಾಸಿನಲ್ಲಿ ಸಾವಿರ ಸಲ ಹೇಳಿದ್ದನ್ನೇ ಮತ್ತೆ ಹೇಳಿದ್ದಾರೆ ನೋಡು.

ನಮ್ಮ ಬ್ಯಾಚಿನ ಸಮಾಚಾರ ಕೇಳು. ಮೈಕ್ ಕಂಡರೆ ನಡುಗುತ್ತಿದ್ದ ಉದ್ದಜಡೆ ಈಗ ಟಿವಿಯಲ್ಲಿ ಕೂತು ಮಂತ್ರಿಗಳಿಗೇ ದಬಾಯಿಸುತ್ತಾಳೆ. ಯುದ್ಧಭೂಮಿಯಿಂದ ವರದಿ ಮಾಡುತ್ತೇನೆ ಅನ್ನುತ್ತಿದ್ದ ಕ್ಯಾಮೆರಾ ಮದುವೆ ಫೋಟೋ ತೆಗೆಯುತ್ತಾನೆ. ಅಲ್ಲೂ ಒಂಥರಾ ಯುದ್ಧವೇ ಕಣೇ ಅಂದ. ಹಿಂದಿನ ಬೆಂಚಿನ ಇಬ್ಬರು ವಿಮೆ ಮಾರುತ್ತಿದ್ದಾರೆ, ಒಬ್ಬಳು ಯಾವುದೋ ನಟನ ಪರವಾಗಿ ಅವನ ಅಭಿಮಾನಿಗಳಿಗೆ ಉತ್ತರ ಬರೆಯುತ್ತಾಳೆ. ಮೂವತ್ತೆರಡು ಜನರಲ್ಲಿ ಪತ್ರಿಕೆಯಲ್ಲಿ ಉಳಿದವರು ನಾಲ್ಕೇ ಮಂದಿ.

ಆ ನಾಲ್ವರಲ್ಲಿ ನಾನೊಬ್ಬಳು ಅನ್ನೋದು ನಿನಗೆ ಗೊತ್ತೇ ಇದೆ. ಸುದ್ದಿ ಅಂತ ಊರೂರು ಅಲೆದು ಚಪ್ಪಲಿ ಸವೆಯುತ್ತಿದೆ, ನಮ್ಮಲ್ಲಿ ವರದಿಗಾರರ ಹೆಸರು ಹಾಕುವುದು ಅಪರೂಪ ಅಷ್ಟೇ. ಚಿನ್ನದ ಪದಕ ತಗೊಂಡವಳು ಅಂತ ಮೇಷ್ಟ್ರು ನನ್ನಿಂದ ಏನೋ ದೊಡ್ಡದನ್ನೇ ನಿರೀಕ್ಷೆ ಮಾಡುತ್ತಿದ್ದಾರೆ. ನಾನಿನ್ನೂ ಪ್ಯಾರಾ ಕಳಿಸಿಲ್ಲ. ನೀನು ಏನು ಬರೆದೆ? ನಿನ್ನ ಕಂಪನಿಯವರು ಮೇಲ್ ಎಲ್ಲ ಓದುತ್ತಾರೆ ಅಂದಿದ್ದೆಯಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನೀನೂ ಹೀಗೇ ಬರಿ.

ಕತ್ತರಿ


ಜನವರಿ 20

ಪ್ರಿಯ ಕತ್ತರಿ,

ನಿನ್ನ ಕಾಗದ ನೋಡಿ ಎಷ್ಟು ಖುಷಿಯಾಯಿತು ಅಂದರೆ, ಸರಿ ಸರಿ, ಪೀಠಿಕೆ ನಿಲ್ಲಿಸಿದೆ.

ನನ್ನ ಪ್ಯಾರಾ ಕಳಿಸಿಯಾಯಿತು. "ಲೋಹಕ್ಕೆ ಹೊಳಪು ಕೊಡುವ ಪ್ರತಿಷ್ಠಿತ ಕಾರ್ಖಾನೆಯಲ್ಲಿ ಸಂವಹನ ಅಧಿಕಾರಿ" ಅಂತ ಬರೆದೆ. ಓದೋಕೆ ಗತ್ತಾಗಿದೆ. ನಿಜ ಹೇಳಬೇಕೆಂದರೆ ನನ್ನ ಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ, ಹಳೆಯ ಕ್ಯಾಲೆಂಡರುಗಳ ಕಟ್ಟು. ಬಾಗಿಲ ಮೇಲೆ ಇನ್ನೂ "ಸ್ಟೇಷನರಿ" ಎಂದೇ ಇದೆ. ಮ್ಯಾನೇಜರ್ ಯಾರಿಗಾದರೂ ಗಿಡ ಕೊಟ್ಟರೆ ಪತ್ರಿಕಾ ಪ್ರಕಟಣೆ, ಯಾರಾದರೂ ಮ್ಯಾನೇಜರಿಗೆ ಶಾಲು ಹೊದಿಸಿದರೆ ಪತ್ರಿಕಾ ಪ್ರಕಟಣೆ. ಅದನ್ನು ನಿಮ್ಮ ಪತ್ರಿಕೆಗೂ ಕಳಿಸುತ್ತೇನೆ. ಯಾರೋ ಪುಣ್ಯಾತ್ಮರು ಐದನೇ ಪುಟದಲ್ಲಿ ಎಲ್ಲೋ ತುರುಕುತ್ತಾರೆ. ಊರಲ್ಲಿ ಅಮ್ಮ ಅದನ್ನೆಲ್ಲ ಕತ್ತರಿಸಿ ಒಂದು ಫೈಲಿನಲ್ಲಿ ಅಂಟಿಸುತ್ತಾಳೆ. "ನಮ್ಮ ಹುಡುಗ ಬರೆದಿದ್ದು, ಹೆಸರು ಹಾಕಲ್ಲ ಅಷ್ಟೇ" ಎಂದು ಮನೆಗೆ ಬಂದವರಿಗೆಲ್ಲ ತೋರಿಸುತ್ತಾಳೆ. ನಾನು ಊರಿಗೆ ಹೋಗಿದ್ದರೆ ಆಗ ಎದ್ದು ನೀರು ಕುಡಿಯಲು ಹೋಗುತ್ತೇನೆ.

ಇಲ್ಲಿ ನನಗಿರುವ ಒಂದೇ ಸುಖ ಮಧ್ಯಾಹ್ನದ ಊಟ. ಕಾರ್ಖಾನೆಯ ಹಿಂದೆ ಎರಡು ಬೀದಿಗಳಿವೆ. ಮೊದಲನೇ ಬೀದಿಯಲ್ಲಿ ಒಬ್ಬ ಅಕ್ಕ ಮನೆಯ ಮುಂದಿನ ಕೋಣೆಯಲ್ಲೇ ಊಟ ಹಾಕುತ್ತಾರೆ. ನಾಲ್ಕು ಬೆಂಚು, ಗೋಡೆಗೆ ನೀಲಿ ಬಣ್ಣ, ಹಿತ್ತಲಲ್ಲಿ ಬೋರ್‌ವೆಲ್. ನಾಲ್ಕು ವರ್ಷದಿಂದ ನನಗೆ ಮೂಲೆಯ ಜಾಗ. "ಪೇಪರ್ ಸಾರ್ ಬಂದ್ರು, ಬಿಸಿ ಬಿಸಿ ಬಡಿಸ್ರೇ" ಅನ್ನುತ್ತಾರೆ. ನಾನು ಪೇಪರಿನವನಲ್ಲ ಎಂದು ಹೇಳಿ ಸಾಕಾಗಿದೆ. ಹೊಟ್ಟೆ ಕೆಟ್ಟಾಗ ಅವರೇ ಗಂಜಿ ಮಾಡಿ ಆಫೀಸಿಗೆ ಕಳಿಸಿದ್ದರು.

ನೀನು ಊರೂರು ತಿರುಗುವುದನ್ನು ಓದಿ ಹೊಟ್ಟೆಕಿಚ್ಚಾಯಿತು. ಆಗಲಿ, ನಮ್ಮಲ್ಲಿ ಒಬ್ಬರಾದರೂ ಕಲಿತದ್ದನ್ನು ಮಾಡುತ್ತಿದ್ದಾರಲ್ಲ.

ಪೀಠಿಕೆ


ಫೆಬ್ರವರಿ 6

ಕತ್ತರಿ,

ಚಿಕ್ಕ ಕಾಗದ. ಕೆಲಸ ಜಾಸ್ತಿ.

ಮೂರನೇ ತಾರೀಕು ನಮ್ಮಲ್ಲಿ ಒಂದು ತೊಟ್ಟಿ ಸೋರಿತು. ಸಣ್ಣದು. ಪ್ರಕಟಣೆ ಕಳಿಸಿದ್ದೆ, ಮಾರನೇ ದಿನ ನಿಮ್ಮ ಪತ್ರಿಕೆಯಲ್ಲೂ ಬಂತು, ಐದನೇ ಪುಟ, ಮೂರನೇ ಕಾಲಂ. ನೋಡಿದೆಯಾ? ಆ ಪುಟ ನೋಡುವವರು ಯಾರು? ನಾವು ಕಳಿಸಿದ್ದನ್ನು ಸಾಮಾನ್ಯವಾಗಿ ಪೂರ್ತಿ ಹಾಕುತ್ತಾರಾ, ಇಲ್ಲ ಬೇಕಾದಷ್ಟು ತಗೊಳ್ತಾರಾ? ಸುಮ್ಮನೆ ಕುತೂಹಲಕ್ಕೆ ಕೇಳಿದೆ.

ಮತ್ತೇನಿಲ್ಲ. ಈಗ ಮನೆಯಿಂದಲೇ ಡಬ್ಬಿ ತರುತ್ತಿದ್ದೇನೆ. ಬೆಳಿಗ್ಗೆ ಎದ್ದು ಅಡುಗೆ ಮಾಡುವುದು ಕಷ್ಟವೇನಲ್ಲ, ಅಭ್ಯಾಸ ಆಗುತ್ತೆ.

ಪೀಠಿಕೆ


ಫೆಬ್ರವರಿ 15

ಪ್ರಿಯ ಪೀಠಿಕೆ,

ಏನಪ್ಪಾ ಇದು ವಿಶೇಷ! ಹಾಸ್ಟೆಲಿನಲ್ಲಿ ನೀರು ಕಾಯಿಸಲು ಹೋಗಿ ಪಾತ್ರೆ ಸುಟ್ಟವನು ಬೆಳಿಗ್ಗೆ ಎದ್ದು ಡಬ್ಬಿ ಕಟ್ಟುತ್ತಾನಂತೆ. ನಿಜ ಹೇಳು, ಡಬ್ಬಿ ಕಟ್ಟುವವಳು ಬೇರೆ ಯಾರೋ ಇದ್ದಾಳೆ ತಾನೇ? ನೀಲಿ ಗೋಡೆಯ ಅಕ್ಕನ ಹೊಟ್ಟೆಯ ಮೇಲೆ ಹೊಡೆದು ಯಾರ ಕೈರುಚಿಗೆ ಬಿದ್ದೆಯೋ? ಮದುವೆಗೆ ಕರೆಯದೆ ಇದ್ದರೆ ನೋಡು, ಕ್ಯಾಮೆರಾನನ್ನು ಕರೆದುಕೊಂಡು ಬಂದು ಫೋಟೋ ಸಮೇತ ಹಿಡಿದುಬಿಡುತ್ತೇನೆ.

ಐದನೇ ಪುಟದ ವಿಷಯ ನನಗೆ ಅಷ್ಟಾಗಿ ಗೊತ್ತಿಲ್ಲ. ಅದನ್ನು ನೋಡುವವರು ಬೇರೆ, ಆಫೀಸಿನಲ್ಲೇ ಕೂತು ಪುಟ ಕಟ್ಟುವ ಡೆಸ್ಕಿನವರು. ಸಂಜೆ ಜಾಹೀರಾತು ಬಂತೆಂದರೆ ಕೆಳಗಿನಿಂದ ಹಾರಿಸುತ್ತಾರೆ, ನಿನಗೆ ಗೊತ್ತಿಲ್ಲದ್ದೇನಲ್ಲ. ಯಾಕೆ, ಕೊನೆಯಲ್ಲಿ ಏನಾದರೂ ಮುಖ್ಯವಾದದ್ದು ಇತ್ತಾ?

ಮೇಷ್ಟ್ರು ಮತ್ತೆ ಜ್ಞಾಪಿಸಿದರು. ಪ್ಯಾರಾ ಬರೆಯಲು ಕೂತರೆ ಕೈ ಓಡುವುದಿಲ್ಲ.

ಕತ್ತರಿ


ಮಾರ್ಚ್ 2

ಕತ್ತರಿ,

ಹದಿನಾರು ಜನ ಆಸ್ಪತ್ರೆಯಲ್ಲಿದ್ದಾರೆ. ಎಲ್ಲರೂ ಹಿಂದಿನ ಎರಡು ಬೀದಿಯವರು. ವಾಂತಿ, ಹೊಟ್ಟೆನೋವು, ಮೊದಲು ಯಾವುದೋ ಜ್ವರ ಅಂದುಕೊಂಡರು. ಆಮೇಲೆ ನೀರು ಪರೀಕ್ಷೆ ಮಾಡಿದರು. ನಮ್ಮ ತೊಟ್ಟಿಯಿಂದ ಸೋರಿದ ರಾಸಾಯನಿಕ ಅವರ ಬೋರ್‌ವೆಲ್‌ಗೆ ಇಳಿದಿದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಊಟದ ಅಕ್ಕನಿಗೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ. ಎರಡು ದಿನಕ್ಕೊಮ್ಮೆ ಯಂತ್ರಕ್ಕೆ ಹಾಕಿ ರಕ್ತ ಶುದ್ಧ ಮಾಡುತ್ತಿದ್ದಾರೆ.

ನೀನು ಕೇಳಿದೆಯಲ್ಲ, ಕೊನೆಯಲ್ಲಿ ಮುಖ್ಯವಾದದ್ದು ಇತ್ತಾ ಅಂತ. ಇತ್ತು. "ಮುನ್ನೆಚ್ಚರಿಕೆಯಾಗಿ, ಕಾರ್ಖಾನೆಯ ಹಿಂಬದಿಯ ಎರಡು ಬೀದಿಗಳ ನಿವಾಸಿಗಳು ಮುಂದಿನ ಸೂಚನೆಯವರೆಗೆ ಬೋರ್‌ವೆಲ್ ನೀರನ್ನು ಕುಡಿಯಲು ಹಾಗೂ ಅಡುಗೆಗೆ ಬಳಸದಿರುವುದು ಒಳಿತು." ಇಷ್ಟೇ. ಇದನ್ನು ಸೇರಿಸಲು ನಾನು ಮ್ಯಾನೇಜರ್ ಹತ್ತಿರ ಅರ್ಧ ದಿನ ಜಗಳ ಆಡಿದ್ದೆ. ಆ ಬೀದಿಗಳಲ್ಲಿ ಎಲ್ಲರೂ ನಿಮ್ಮ ಪತ್ರಿಕೆಯನ್ನೇ ಓದುವುದು. ಅದೊಂದು ಪ್ಯಾರಾ ಬಿಟ್ಟು ಮಿಕ್ಕಿದ್ದೆಲ್ಲ ಹಾಕಿದ್ದೀರಿ. "ಉತ್ಪಾದನೆಗೆ ಯಾವುದೇ ತೊಂದರೆಯಾಗಿಲ್ಲ" ಅನ್ನುವುದನ್ನು ಹಾಕಿದ್ದೀರಿ. ಪಕ್ಕದಲ್ಲಿ ಒಂದು ಸೋಫಾ ಅಂಗಡಿಯ ಜಾಹೀರಾತು.

ಈಗ ಮ್ಯಾನೇಜರಿಗೆ ನನ್ನ ಮೇಲೆ ಎಲ್ಲಿಲ್ಲದ ಪ್ರೀತಿ. "ಭೇಷ್ ಕಣಯ್ಯಾ, ನೀನು ಅವತ್ತು ಬರ್ದಿದ್ದು ಇವತ್ತು ನಮ್ಮನ್ನ ಕಾಪಾಡ್ತು" ಅಂದರು. ನನ್ನ ಕೈಯಲ್ಲೇ ಎರಡನೇ ಪ್ರಕಟಣೆ ಬರೆಸಿದರು: "ಎಚ್ಚರಿಕೆಯನ್ನು ಸಕಾಲದಲ್ಲಿ ಪತ್ರಿಕೆಗಳಿಗೆ ತಿಳಿಸಲಾಗಿತ್ತು." ಬರೆದೆ.

ಯಾವ ಕತ್ತೆ ಅದನ್ನು ಕತ್ತರಿಸಿತು ಅಂತ ವಿಚಾರಿಸಿ ಹೇಳು. ಅವನ ಮುಖ ನೋಡಬೇಕು ನಾನು. ಓದೋಕೆ ಬರುತ್ತಾ ಅವನಿಗೆ?

ಪೀಠಿಕೆ


ಮಾರ್ಚ್ 8

ಪೀಠಿಕೆ,

ಆ ಕತ್ತೆ ನಾನೇ.

ನಾನು ವರದಿಗಾರ್ತಿ ಅಲ್ಲ ಕಣೋ. ಮೊದಲ ವರ್ಷ ಒಂದು ಸುದ್ದಿಯಲ್ಲಿ ತಪ್ಪಾಯಿತು ಅಂತ ಡೆಸ್ಕಿಗೆ ಹಾಕಿದರು, ಆಮೇಲೆ ಹೊರಗೆ ಬಿಡಲೇ ಇಲ್ಲ. ಆರು ವರ್ಷದಿಂದ ಕಿಟಕಿ ಇಲ್ಲದ ಹಾಲಿನಲ್ಲಿ ಕೂತು ಐದನೇ ಪುಟ ಕಟ್ಟುತ್ತಿದ್ದೇನೆ. ಗಿಡ ಕೊಟ್ಟದ್ದು, ಶಾಲು ಹೊದಿಸಿದ್ದು. ನೀನು ಪುಣ್ಯಾತ್ಮರು ಅಂತ ಬರೆದೆಯಲ್ಲ, ಅದೂ ನಾನೇ. ನಿನ್ನ ಪ್ರಕಟಣೆಗಳು ನನ್ನ ಕೈಗೇ ಬರುತ್ತಿದ್ದವು. ಮೊದಲ ಪ್ಯಾರಾ ಓದಿದರೆ ಸಾಕು, ಇದು ನಮ್ಮ ಪೀಠಿಕೆಯದು ಎಂದು ಗೊತ್ತಾಗುತ್ತಿತ್ತು. ಹೇಳಲು ನಾಚಿಕೆ. ಚಿನ್ನದ ಪದಕದವಳು ನಿನ್ನ ಗಿಡದ ಸುದ್ದಿಗೆ ಶೀರ್ಷಿಕೆ ಕೊಡುತ್ತಾಳೆ ಎಂದು ಯಾವ ಬಾಯಲ್ಲಿ ಹೇಳಲಿ?

ಅವತ್ತು ಸಂಜೆ ಆರೂವರೆಗೆ ಪುಟ ಮುಗಿದಿತ್ತು. ಜಾಹೀರಾತು ವಿಭಾಗದವರು ಓಡಿ ಬಂದರು, ಸೋಫಾ ಅಂಗಡಿ, ಎರಡು ಕಾಲಂ. ಏಳು ಸಾಲು ತೆಗೆಯಬೇಕಿತ್ತು. ಓದದೆ ಕತ್ತರಿಸಿದೆ ಎಂದರೆ ನಿನಗೂ ಸಮಾಧಾನ, ನನಗೂ ಸಮಾಧಾನ. ಆದರೆ ಓದಿದ್ದೆ. "ಬಳಸದಿರುವುದು ಒಳಿತು" ಅಂತಿತ್ತು. ಒಳಿತು ಅಂದರೆ ಅಷ್ಟೇನೂ ಇರಲಾರದು, ಇದ್ದಿದ್ದರೆ ಮೇಲೆ ಹಾಕುತ್ತಿದ್ದ, ಅವನೂ ಮೇಷ್ಟ್ರ ಹತ್ತಿರ ಕಲಿತವನಲ್ಲವೇ ಎಂದುಕೊಂಡೆ. ನಿನ್ನನ್ನು ನಂಬಿಯೇ ಕತ್ತರಿಸಿದೆ. ಇದನ್ನು ನೆಪ ಅಂದುಕೊಂಡರೂ ಸರಿ. ಫೋನ್ ಕೈಯಳತೆಯಲ್ಲಿತ್ತು. ಮಾಡಿದ್ದರೆ ನಾನು ಎಲ್ಲಿ ಕೂತಿದ್ದೇನೆ ಎಂದು ನಿನಗೆ ಗೊತ್ತಾಗಿಬಿಡುತ್ತಿತ್ತು. ಅದಕ್ಕೇ ಮಾಡಲಿಲ್ಲ.

ಫೆಬ್ರವರಿಯಲ್ಲಿ "ಮುಖ್ಯವಾದದ್ದು ಇತ್ತಾ" ಎಂದು ಬರೆದಾಗ ನಿನ್ನ ಪ್ರಕಟಣೆ ನನ್ನ ಮೇಜಿನ ಮೇಲೇ ಇತ್ತು. ನೀನು "ಇಲ್ಲ ಬಿಡು" ಅನ್ನಲಿ ಎಂದು ಕಾಯುತ್ತಿದ್ದೆ. ಹದಿನೈದು ದಿನ ನೀನು ಉತ್ತರ ಬರೆಯಲಿಲ್ಲ. ಆ ಹದಿನೈದು ದಿನವೂ ಅವರು ಅದೇ ನೀರಲ್ಲಿ ಅಡುಗೆ ಮಾಡಿದರು.

ಒಂದೇ ಒಂದು ಪ್ರಶ್ನೆ ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ಅದನ್ನು ಕೊನೆಗೆ ಹಾಕು ಎಂದವರು ಯಾರು?

ಕತ್ತರಿ


ಮಾರ್ಚ್ 19

ಕೊನೆಗೆ ಹಾಕಿದ್ದು ನಾನೇ. ಯಾರೂ ಹೇಳಲಿಲ್ಲ.

ಮ್ಯಾನೇಜರ್ ಒಪ್ಪಿದ ಮೇಲೆ, "ಎಲ್ಲಾದ್ರೂ ಹಾಕ್ಕೊಳಯ್ಯಾ, ತಲೆ ತಿನ್ಬೇಡ" ಎಂದು ಎದ್ದು ಹೋದರು. ಮೊದಲ ಸಾಲಿಗೆ ಹಾಕಬಹುದಿತ್ತು, ಹಾಕಿಯೂ ಇದ್ದೆ. ಆಮೇಲೆ ಕೆಲಸ ಹೋಗುತ್ತೇನೋ ಎಂದು ಭಯವಾಯಿತು. ಎರಡನೇ ಪ್ಯಾರಾಕ್ಕೆ ಇಳಿಸಿದೆ, ನಾಲ್ಕನೆಯದಕ್ಕೆ ಇಳಿಸಿದೆ, ಕೊನೆಗೆ ತಳಕ್ಕೆ. "ಬಳಸಬಾರದು" ಅಂತಿದ್ದದ್ದನ್ನು "ಬಳಸದಿರುವುದು ಒಳಿತು" ಮಾಡಿದೆ. ಪುಟ ಕಟ್ಟುವವರು ಕೆಳಗಿನಿಂದ ಕತ್ತರಿಸುತ್ತಾರೆ ಎಂದು ನನಗೆ ಗೊತ್ತಿಲ್ಲವೇ ಕತ್ತರಿ? ನಾನು ಹೇಳಿದ ಹಾಗೂ ಆಗಬೇಕು, ಯಾರಿಗೂ ಕೇಳಿಸಲೂಬಾರದು. ಅದಕ್ಕೆ ಸರಿಯಾದ ಜಾಗ ಅದೇ ಎಂದು ನೀನೂ ನಾನೂ ಒಂದೇ ಬೆಂಚಿನಲ್ಲಿ ಕೂತು ಕಲಿತಿದ್ದೆವು. ಬೈಯಲು ಒಬ್ಬ ಕತ್ತೆ ಬೇಕಿತ್ತು, ಅದಕ್ಕೇ ಅಷ್ಟು ಜೋರಾಗಿ ಬೈದೆ.

ಡಬ್ಬಿಯ ವಿಷಯ ಹೇಳಬೇಕು. ಡಬ್ಬಿ ಕಟ್ಟುವವಳು ಯಾರೂ ಇರಲಿಲ್ಲ. ನಾಲ್ಕನೇ ತಾರೀಕು ಬೆಳಿಗ್ಗೆ ಪತ್ರಿಕೆ ನೋಡಿದೆ, ಪ್ಯಾರಾ ಇರಲಿಲ್ಲ. ಅವತ್ತಿನಿಂದಲೇ ನಾನು ಅಕ್ಕನ ಹತ್ತಿರ ಊಟ ಬಿಟ್ಟೆ. ನನ್ನ ಹೊಟ್ಟೆ ಕಾಪಾಡಿಕೊಂಡೆ. ಒಂದು ವಾರ ಬಿಟ್ಟು ಗೇಟಿನ ಹತ್ತಿರ ಸಿಕ್ಕರು.

"ಏನ್ ಸಾರ್, ಈ ಕಡೆ ತಲೆನೇ ಹಾಕ್ತಿಲ್ಲ? ನನ್ ಮೇಲೆ ಕೋಪಾನಾ?"

"ಇಲ್ಲಕ್ಕಾ, ಡಾಕ್ಟ್ರು ಹೊರಗಿನ ಊಟ ಬೇಡ ಅಂದಿದಾರೆ."

"ಅಯ್ಯೋ, ಹುಷಾರಾಗಿರಿ ಸಾರ್, ಒಬ್ರೇ ಇರೋರು" ಅಂದರು.

ನನ್ನ ಮೇಜಿನಿಂದ ಅವರ ಬಾಗಿಲಿಗೆ ಹತ್ತು ನಿಮಿಷದ ದಾರಿ. ಎರಡು ಬೀದಿಗೆ ಸೇರಿ ನಲವತ್ತು ಮನೆ. ಅವತ್ತೇ ನಡೆದುಕೊಂಡು ಹೋಗಿ ಒಂದೊಂದೇ ಬಾಗಿಲು ತಟ್ಟಿದ್ದರೆ ಮಧ್ಯಾಹ್ನದೊಳಗೆ ಮುಗಿಯುತ್ತಿತ್ತು.

ನಿನ್ನ ಕಾಗದ ಬಂದ ಮೇಲೆ ಆಸ್ಪತ್ರೆಗೆ ಹೋದೆ. ಆ ಯಂತ್ರದ ಪಕ್ಕದ ಸ್ಟೂಲಿನಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಬೈದಿದ್ದರೆ ಚೆನ್ನಾಗಿತ್ತು, ಅಕ್ಕ ಬೈಯಲಿಲ್ಲ. ಆ ಕೊಳವೆಗಳತ್ತ ನೋಡುತ್ತಾ, "ನಿಮ್ ಡಾಕ್ಟ್ರು ನಂಗೂ ಒಂದ್ ಮಾತು ಹೇಳ್ಬೋದಿತ್ತು ಸಾರ್" ಅಂದರು. ಅಷ್ಟೇ. ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ಕತ್ತರಿ, ಈ ಮೂವತ್ತೊಂದು ವರ್ಷದಲ್ಲಿ ನನಗೆ ಯಾರ ಮುಂದೆಯೂ ಅಷ್ಟು ಅವಮಾನವಾಗಿರಲಿಲ್ಲ, ಆದದ್ದು ನ್ಯಾಯವೇ.

ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ನನ್ನ ಹೇಳಿಕೆ, ಕೆಳಗೆ ಸಹಿ ಇದೆ. ಮೊದಲ ಸಾಲು: "ನೀರು ಕುಡಿಯಬಾರದು ಎಂದು ಫೆಬ್ರವರಿ ಮೂರರಂದೇ ಕಾರ್ಖಾನೆಗೆ ಗೊತ್ತಿತ್ತು, ಅದನ್ನು ಬೀದಿಯವರಿಗೆ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ." ನಿಮ್ಮ ಪತ್ರಿಕೆಯಲ್ಲಿ ಹಾಕಿಸು. ರಾಜೀನಾಮೆ ಕೊಟ್ಟಾಯಿತು. ಊರಿಗೆ ಹೋಗಿ ಅಮ್ಮನಿಗೆ ನಾನೇ ಹೇಳಿದೆ. ಅವಳು ಫೈಲು ತೆಗೆದು, ಫೆಬ್ರವರಿ ನಾಲ್ಕರ ತುಣುಕು ಹುಡುಕಿ, ಅದನ್ನು ನನ್ನ ಮುಂದೆ ಇಟ್ಟು ಒಳಗೆ ಹೋದಳು.

ಪೀಠಿಕೆ


ಏಪ್ರಿಲ್ 2

ಪ್ರಿಯ ಪೀಠಿಕೆ,

ಬಂತು. ನೀನೂ ನೋಡಿರುತ್ತೀಯ. ಮೊದಲ ಪುಟದಲ್ಲೇ, ನಿನ್ನ ಮೊದಲ ಸಾಲು ಹಾಗೇ. ಸಂಪಾದಕರ ಕೋಣೆಯಲ್ಲಿ ಒಂದು ಗಂಟೆ ನಿಂತೆ. ಕಾರ್ಖಾನೆಯವರು ಮುನಿಸಿಕೊಂಡರೆ ಏನು ಗತಿ ಎಂದರು, ಕೊನೆಗೆ ಸಹಿ ನೋಡಿ ಒಪ್ಪಿದರು. "ಜೊತೆಗೆ ಒಂದು ವರದಿ ನೀನೇ ಬರಿಯಮ್ಮಾ" ಅಂದರು. ಆರು ವರ್ಷದ ನಂತರ ನನ್ನ ಹೆಸರಿನಲ್ಲಿ ಒಂದು ವರದಿ. ನಿನ್ನೆ ಅಧಿಕಾರಿಗಳು ಬಂದು ತೊಟ್ಟಿಗೆ ಬೀಗ ಹಾಕಿದರಂತೆ, ಬೀದಿಗಳಿಗೆ ಟ್ಯಾಂಕರ್ ನೀರು ಬರುತ್ತಿದೆಯಂತೆ. ನಮ್ಮ ಆಫೀಸಿನಲ್ಲಿ ಎಲ್ಲರೂ ಬೆನ್ನು ತಟ್ಟಿದರು. ಮೇಷ್ಟ್ರು ಫೋನ್ ಮಾಡಿ, "ಪದಕ ಕೊಟ್ಟಿದ್ದಕ್ಕೂ ಸಾರ್ಥಕವಾಯ್ತಮ್ಮ" ಅಂದರು.

ಈಗ ನಿಜ ಕೇಳು. ಆ ವರದಿಯಲ್ಲಿ ನಾನು ಇನ್ನೊಂದು ಪ್ಯಾರಾ ಬರೆದಿದ್ದೆ. ಎಚ್ಚರಿಕೆ ನಮ್ಮ ಕೈಗೆ ಬಂದಿತ್ತು, ಐದನೇ ಪುಟ ಕಟ್ಟುವ ನಾನು ಓದಿಯೂ ಕತ್ತರಿಸಿದೆ ಎಂದು. ಸಂಪಾದಕರು ಅದನ್ನೂ ಓದಿದ್ದರು, ಬೇಡ ಅನ್ನಲಿಲ್ಲ. ಪುಟ ಕಟ್ಟುವಾಗ ಎಂಟು ಸಾಲು ಹೆಚ್ಚಾಯಿತು. ವರದಿ ನನ್ನದೇ ಅಂತ ಅವತ್ತು ಮೊದಲ ಪುಟದ ಮುಂದೆಯೂ ನನ್ನನ್ನೇ ಕೂರಿಸಿದ್ದರು. ಯಾವುದನ್ನು ತೆಗೆಯಬೇಕು ಎಂದು ಯಾರೂ ಹೇಳಲಿಲ್ಲ. ನನ್ನ ಕೈ ತಾನಾಗಿ ಕೆಳಗೆ ಹೋಯಿತು. ತಪ್ಪೊಪ್ಪಿಗೆಯನ್ನು ನಾನು ಎಲ್ಲಿ ಬರೆದಿದ್ದೆ ಎಂದು ನಿನಗೆ ಹೇಳಬೇಕಿಲ್ಲ.

ಬೆಳಿಗ್ಗೆ ಪತ್ರಿಕೆ ಬಿಡಿಸಿದಾಗ ಅದು ಇರಲಿಲ್ಲ. ಅಬ್ಬಾ ಎಂದು ಹಗುರವಾಯಿತು ಕಣೋ. ಆ ಹಗುರವೇ ನನ್ನನ್ನು ಕೊಂದಿತು. ನಿನ್ನನ್ನು ಮೊದಲ ಪುಟದಲ್ಲಿ ನಿಲ್ಲಿಸಿ ನಾನು ಪುಟದಿಂದ ಹೊರಗೆ ನಿಂತು ಶಭಾಷ್‌ಗಿರಿ ತಗೊಂಡೆ. ಮೇಷ್ಟ್ರು ಹೊಗಳುವಾಗ "ಹೂಂ ಸಾರ್, ಹೂಂ ಸಾರ್" ಎಂದೆ, ನನ್ನ ನಾಲಿಗೆ ಬಿದ್ದುಹೋಗಲಿಲ್ಲ.

ಇವತ್ತು ಸಂಪಾದಕರಿಗೆ ತಿದ್ದುಪಡಿ ಬರೆದು ಕೊಟ್ಟಿದ್ದೇನೆ. ಹಾಕಬಹುದು, ಹಾಕದೆಯೂ ಇರಬಹುದು. ಅದಕ್ಕೆ ಕಾಯುತ್ತಾ ಕೂರುವುದಿಲ್ಲ. ಮೇಷ್ಟ್ರ ಪುಸ್ತಕ ಯಾರ ಜಾಹೀರಾತಿಗೂ ಜಾಗ ಬಿಡುವುದಿಲ್ಲ. ನನ್ನ ಪ್ಯಾರಾ ಅಂತೂ ಬರೆದೆ. ಈ ಕಾಗದದ ಜೊತೆಗೇ ಅಂಚೆಗೆ ಹಾಕುತ್ತೇನೆ. ಮುಂದಿನ ವಾರ ಮೊದಲ ಬಸ್ಸಿಗೆ ಹೊರಟು ಬರುತ್ತೇನೆ. ಆಸ್ಪತ್ರೆಗೆ ದಾರಿ ತೋರಿಸು ಸಾಕು, ಒಳಗೆ ನಾನೊಬ್ಬಳೇ ಹೋಗುತ್ತೇನೆ. ಅಕ್ಕ ಗೋಡೆ ಕಡೆ ತಿರುಗಿದರೂ ಸರಿ.

ಪ್ಯಾರಾ ಇದು. ನೀನು ಒಮ್ಮೆ ಓದು, ಆದರೆ ತಿದ್ದಬೇಡ.

"ಫೆಬ್ರವರಿ ಮೂರರ ಸಂಜೆ, ನೀರು ಕುಡಿಯಬೇಡಿ ಎಂಬ ಎಚ್ಚರಿಕೆಯನ್ನು ಓದಿ, ಒಂದು ಸೋಫಾ ಜಾಹೀರಾತಿಗಾಗಿ ಅದನ್ನು ಕತ್ತರಿಸಿದವಳು ನಾನು, ಹದಿನಾರು ಜನ ಆಸ್ಪತ್ರೆ ಸೇರಿದರು. ಆರು ವರ್ಷದಿಂದ ಒಂದು ದಿನಪತ್ರಿಕೆಯ ಐದನೇ ಪುಟ ಕಟ್ಟುತ್ತಿದ್ದೇನೆ, ವರದಿಗಾರ್ತಿ ಎಂದು ಎಲ್ಲರಿಗೂ ಸುಳ್ಳು ಹೇಳುತ್ತಿದ್ದೆ. ಮೇಷ್ಟ್ರು ಕಲಿಸಿದ ಪಾಠ ಚೆನ್ನಾಗಿ ಬರುತ್ತಿತ್ತು, ಅದರಿಂದಲೇ ಈ ತಪ್ಪು ಮಾಡಿದೆ. ಜಾಗ ಸಾಲದಿದ್ದರೆ ಕೊನೆಯ ಸಾಲನ್ನು ಕತ್ತರಿಸಬಹುದು. ನಮ್ಮ ಬ್ಯಾಚಿನ ಚಿನ್ನದ ಪದಕ ನನಗೆ ಬಂದಿತ್ತು."

ಕತ್ತರಿ